ಪಣಂಬೂರು ಬಂದರಿಗೆ ಬಂದು ಹೋಗುವ ಡೀಸೆಲ್ ಲಾರಿಗಳ ಬ್ಯಾಟರಿ ನಿರ್ವಹಣೆ: ಚಳಿಗಾಲ, ಮಳೆಗಾಲ ಮತ್ತು ದೀರ್ಘ ನಿಲುಗಡೆ

(ಸರಕು ಸಾಗಣೆ ವಾಹನಗಳ ಮಾಲೀಕರು, ಚಾಲಕರು ಹಾಗೂ ಅರ್ಹತಾ ಪತ್ರಕ್ಕೆ ಅರ್ಜಿ ಸಲ್ಲಿಸುವವರ ಮಾಹಿತಿಗಾಗಿ)

ಹಿನ್ನೆಲೆ

ಮಂಗಳೂರು ನಗರದ ಉತ್ತರಕ್ಕಿರುವ ಪಣಂಬೂರಿನ ನವ ಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಲ್ಪಟ್ಟು, 1975ರ ಜನವರಿ 11ರಂದು ಅಂದಿನ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರಿಂದ ವಿಧ್ಯುಕ್ತವಾಗಿ ಉದ್ಘಾಟನೆಗೊಂಡಿತು. ಬಂದರು, ಅದಕ್ಕೆ ಹೊಂದಿಕೊಂಡಿರುವ ರಸಗೊಬ್ಬರ ಕಾರ್ಖಾನೆ ಮತ್ತು ಸಮೀಪದ ತೈಲ ಸಂಸ್ಕರಣಾಗಾರದ ಕಾರಣದಿಂದ ರಾಷ್ಟ್ರೀಯ ಹೆದ್ದಾರಿ 66ರ ಈ ಭಾಗದಲ್ಲಿ ಭಾರೀ ವಾಹನಗಳ ಸಂಚಾರವು ವರ್ಷದ ಎಲ್ಲಾ ದಿನಗಳಲ್ಲಿಯೂ ಇರುತ್ತದೆ. ಇಲ್ಲಿ ಸರಕು ತುಂಬಿದ ಲಾರಿಗಳಲ್ಲಿ ಅನೇಕವು ಬಿ.ಸಿ. ರೋಡ್, ಉಪ್ಪಿನಂಗಡಿ, ನೆಲ್ಯಾಡಿ ಮಾರ್ಗವಾಗಿ ಶಿರಾಡಿ ಘಾಟಿಯನ್ನು ಹತ್ತಿ ಹಾಸನ, ಬೆಂಗಳೂರು ಕಡೆಗೂ, ಮತ್ತೆ ಕೆಲವು ಉತ್ತರ ಕರ್ನಾಟಕ ಹಾಗೂ ಹೊರ ರಾಜ್ಯಗಳಿಗೂ ತೆರಳುತ್ತವೆ.

ಬ್ಯಾಟರಿಗೆ ಚಳಿಗಾಲವೇ ಶತ್ರು ಎಂಬ ನಂಬಿಕೆ ವಾಹನ ವಲಯದಲ್ಲಿ ಸಾಮಾನ್ಯ. ಪಣಂಬೂರಿನಲ್ಲಿ ಚಳಿಯೆಂಬುದು ಹೆಸರಿಗೆ ಮಾತ್ರ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿಯೂ ಕನಿಷ್ಠ ತಾಪಮಾನವು ಸಾಮಾನ್ಯವಾಗಿ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿಯೇ ಇರುತ್ತದೆ. ಹಾಗಿದ್ದೂ ಇಲ್ಲಿಂದ ಹೊರಟ ಲಾರಿಯು ಅದೇ ರಾತ್ರಿ ಸಕಲೇಶಪುರದಲ್ಲಿಯೋ ಮಡಿಕೇರಿಯಲ್ಲಿಯೋ ತಂಗಿ, ಬೆಳಗಿನ ಜಾವ ಸ್ಟಾರ್ಟ್ ಆಗದೆ ನಿಲ್ಲುವ ಪ್ರಸಂಗಗಳು ವಿರಳವಲ್ಲ. ದೂಷಣೆಯು ಮಲೆನಾಡಿನ ಚಳಿಯ ಮೇಲೆ ಬೀಳುತ್ತದೆ. ವಾಸ್ತವದಲ್ಲಿ ಬ್ಯಾಟರಿಯು ಕರಾವಳಿಯ ಸೆಕೆಯಲ್ಲಿ ಸವೆದಿರುತ್ತದೆ. ಚಳಿಯು ಆ ಸವೆತವನ್ನು ಬಯಲಿಗೆ ತರುತ್ತದೆ, ಅಷ್ಟೆ.

ಸೆಕೆ ಮತ್ತು ಚಳಿ ಮಾಡುವ ಕೆಲಸ

ಸೀಸ ಮತ್ತು ಗಂಧಕಾಮ್ಲದ ಬ್ಯಾಟರಿಯಲ್ಲಿ ವಿದ್ಯುತ್ತು ರಾಸಾಯನಿಕ ಕ್ರಿಯೆಯಿಂದ ಉತ್ಪನ್ನವಾಗುತ್ತದೆ. ತಾಪಮಾನವು 10 ಡಿಗ್ರಿ ಏರಿದಂತೆ ಇಂತಹ ಕ್ರಿಯೆಗಳ ವೇಗವು ಸ್ಥೂಲವಾಗಿ ದ್ವಿಗುಣಗೊಳ್ಳುತ್ತದೆ. ಬಳಸದೆ ಇಟ್ಟ ಬ್ಯಾಟರಿ ತಾನಾಗಿಯೇ ಚಾರ್ಜ್ ಕಳೆದುಕೊಳ್ಳುವುದು ಮತ್ತು ಒಳಗಿನ ಸೀಸದ ಜಾಲರಿ ಸವೆಯುವುದು, ಇವೆರಡೂ ಈ ನಿಯಮಕ್ಕೆ ಒಳಪಟ್ಟಿವೆ. ಎಂಜಿನ್ನಿನ ಶಾಖ, ಏಪ್ರಿಲ್–ಮೇ ತಿಂಗಳ ಬಿಸಿಲು ಹಾಗೂ ಸಮುದ್ರದ ಉಪ್ಪು ಗಾಳಿ ಸೇರಿದಾಗ ಬ್ಯಾಟರಿಯ ಆಯುಷ್ಯವು ಕುಗ್ಗುತ್ತದೆ. ಇದೇ ಕಾರಣದಿಂದ ಉಷ್ಣ ಪ್ರದೇಶಗಳಲ್ಲಿ ಮಾರಾಟವಾಗುವ ಬ್ಯಾಟರಿಗಳಿಗೆ ಕಡಿಮೆ ಸಾಂದ್ರತೆಯ ಆಮ್ಲವನ್ನು ತುಂಬುವುದು ರೂಢಿ. ಪೂರ್ಣ ಚಾರ್ಜ್ ಆದಾಗ ಶೀತ ದೇಶಗಳಲ್ಲಿ ಹೈಡ್ರೋಮೀಟರ್ 1.280ರ ಸಮೀಪ ತೋರಿಸಿದರೆ, ನಮ್ಮಲ್ಲಿ ಅದು ಸುಮಾರು 1.240 ಇರುತ್ತದೆ. ಅಂಕಿ ಕಡಿಮೆಯೆಂದು ಭಾವಿಸಿ ಮೇಲಿನಿಂದ ಆಮ್ಲ ಸುರಿಸುವವರಿದ್ದಾರೆ. ಹಾಗೆ ಮಾಡಿದಲ್ಲಿ ರೀಡಿಂಗ್ ಉತ್ತಮಗೊಂಡಂತೆ ಕಾಣುವುದೇ ಹೊರತು ಚಾರ್ಜ್ ಹೆಚ್ಚುವುದಿಲ್ಲ, ಪ್ಲೇಟುಗಳು ಮಾತ್ರ ಶೀಘ್ರ ಹಾಳಾಗುತ್ತವೆ.

ಚಳಿಯಲ್ಲಿ ಇದರ ವಿರುದ್ಧ ಪರಿಣಾಮವಿದೆ. ಕ್ರಿಯೆ ನಿಧಾನಗೊಳ್ಳುವುದರಿಂದ ಬ್ಯಾಟರಿಯ ಬಲವು ತಾತ್ಕಾಲಿಕವಾಗಿ ಇಳಿಯುತ್ತದೆ. 27 ಡಿಗ್ರಿಯಲ್ಲಿ ದೊರೆಯುವ ಸಾಮರ್ಥ್ಯಕ್ಕೆ ಹೋಲಿಸಿದರೆ 10 ಡಿಗ್ರಿಯಲ್ಲಿ ಸುಮಾರು ಶೇಕಡ 10ರಷ್ಟು ಕಡಿಮೆ. ಶೂನ್ಯ ಡಿಗ್ರಿಯಲ್ಲಿ ಎಂಜಿನ್ ತಿರುಗಿಸುವ ಶಕ್ತಿಯು ಮೂರನೇ ಒಂದು ಭಾಗದಷ್ಟು ಕಡಿಮೆ. ಅದೇ ವೇಳೆಗೆ ಎಂಜಿನ್ ಆಯಿಲ್ ದಪ್ಪವಾಗಿ ತಿರುಗಿಸಲು ಹೆಚ್ಚು ಬಲ ಬೇಕಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಪೆಟ್ರೋಲ್ ಎಂಜಿನ್ನಿನಂತೆ ಕಿಡಿ ಇಲ್ಲ. ಗಾಳಿಯನ್ನು ಒತ್ತಿ ಕಾಯಿಸಿದರೆ ಮಾತ್ರ ಇಂಧನ ಹೊತ್ತಿಕೊಳ್ಳುತ್ತದೆ. ಸೆಲ್ಫ್ ಮೋಟಾರು ನಿಧಾನವಾಗಿ ತಿರುಗಿದರೆ ಆ ಶಾಖವೇ ಹುಟ್ಟುವುದಿಲ್ಲ. ಉತ್ತಮ ಸ್ಥಿತಿಯ ಬ್ಯಾಟರಿಗೆ ಹಾಸನ, ಚಿಕ್ಕಮಗಳೂರು, ಕೊಡಗು ಅಥವಾ ಬೀದರಿನ ಚಳಿ ಲೆಕ್ಕಕ್ಕಿಲ್ಲ. ಅರ್ಧ ಚಾರ್ಜಿನಲ್ಲಿ ಘಾಟಿ ಹತ್ತಿದ ಹಳೆಯ ಬ್ಯಾಟರಿಗೆ ಅಷ್ಟೇ ಚಳಿ ಸಾಕಾಗುತ್ತದೆ.

ಬ್ಯಾಟರಿಯೊಳಗಿನ ದ್ರಾವಣ ಹೆಪ್ಪುಗಟ್ಟುವ ಭಯ ರಾಜ್ಯದೊಳಗೆ ಎಲ್ಲಿಯೂ ಇಲ್ಲ. ಹಿಮಾಚಲ ಪ್ರದೇಶ, ಕಾಶ್ಮೀರ ಅಥವಾ ಲಡಾಖಿಗೆ ತೆರಳುವ ವಾಹನಗಳಿಗೆ ಇದು ಅನ್ವಯಿಸುತ್ತದೆ. ಪೂರ್ಣ ಚಾರ್ಜ್ ಆದ ಬ್ಯಾಟರಿಯ ದ್ರಾವಣ ಶೂನ್ಯಕ್ಕಿಂತ ಹಲವು ಹತ್ತು ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ಬರಿದಾದ ಬ್ಯಾಟರಿಯದು ಶೂನ್ಯಕ್ಕಿಂತ 8 ಡಿಗ್ರಿ ಕೆಳಗೆ ಹೋಗುತ್ತಲೇ ಗಡ್ಡೆಗಟ್ಟಿ ಪೆಟ್ಟಿಗೆಯನ್ನೇ ಸೀಳಬಹುದು. ಆ ಪ್ರದೇಶದಲ್ಲಿ ಡೀಸೆಲ್ ಕೂಡ ಮೇಣದಂತಾಗುವುದರಿಂದ 2019ರಲ್ಲಿ ಲಡಾಖಿಗೆಂದೇ ಪ್ರತ್ಯೇಕ ಚಳಿಗಾಲದ ಡೀಸೆಲ್ ಬಿಡುಗಡೆಯಾಯಿತು.

ಚಾರ್ಜ್ ಎಲ್ಲಿ ಖರ್ಚಾಗುತ್ತದೆ

ಬಂದರಿನ ಸರತಿಯಲ್ಲಿ ದಿನಕ್ಕೆ ಹತ್ತಾರು ಬಾರಿ ಎಂಜಿನ್ ನಿಲ್ಲಿಸಿ ಸ್ಟಾರ್ಟ್ ಮಾಡುವುದರಿಂದ ಬ್ಯಾಟರಿ ಬರಿದಾಗುತ್ತದೆಂದು ಚಾಲಕರು ಹೇಳುವುದುಂಟು. ಲೆಕ್ಕ ಹಾಕಿ ನೋಡುವುದು ಉಚಿತ. ಒಮ್ಮೆ ಸೆಲ್ಫ್ ಹೊಡೆಯಲು 300 ಆಂಪಿಯರ್ ವಿದ್ಯುತ್ತು 3 ಸೆಕೆಂಡು ಬೇಕಾಯಿತೆಂದು ಇಟ್ಟುಕೊಂಡರೆ ಖರ್ಚು ಕಾಲು ಆಂಪಿಯರ್ ಅವರ್ ಮಾತ್ರ. ನಲವತ್ತು ಬಾರಿ ಸ್ಟಾರ್ಟ್ ಮಾಡಿದರೂ 10 ಆಂಪಿಯರ್ ಅವರ್. 130 ಆಂಪಿಯರ್ ಅವರ್ ಸಾಮರ್ಥ್ಯದ ಬ್ಯಾಟರಿಗೆ ಇದು ಹದಿಮೂರರಲ್ಲಿ ಒಂದು ಪಾಲು.

ನಿಜವಾದ ಖರ್ಚು ಎಂಜಿನ್ ನಿಂತಾಗ ಉರಿಯುವ ದೀಪಗಳದು. 24 ವೋಲ್ಟಿನ ಲಾರಿಯಲ್ಲಿ ಪಾರ್ಕಿಂಗ್ ಮತ್ತು ಹಿಂಬದಿ ದೀಪಗಳು ಒಟ್ಟು 40 ವ್ಯಾಟ್ ಆದಲ್ಲಿ ಗಂಟೆಗೆ 1.7 ಆಂಪಿಯರ್ ಅವರ್ ಹೋಗುತ್ತದೆ. ತಲಾ 21 ವ್ಯಾಟಿನ ಆರು ಇಂಡಿಕೇಟರ್ ಬಲ್ಬುಗಳು ಅಪಾಯ ಸೂಚಕವಾಗಿ ಒಟ್ಟಿಗೆ ಮಿನುಗುತ್ತಿದ್ದರೆ, ಅರ್ಧ ಕಾಲ ಆರಿರುತ್ತವೆಂದು ಲೆಕ್ಕ ಹಿಡಿದರೂ ಗಂಟೆಗೆ 2.6. ಎರಡೂ ಸೇರಿ ಎಂಟು ಗಂಟೆಗೆ ಸುಮಾರು 34 ಆಂಪಿಯರ್ ಅವರ್. ಕ್ಯಾಬಿನ್ನಿನ ಫ್ಯಾನು, ಹಾಡಿನ ಪೆಟ್ಟಿಗೆ, ಮೊಬೈಲ್ ಚಾರ್ಜರುಗಳು ಇದಕ್ಕೆ ಹೊರತು.

ಈ ಲೆಕ್ಕ ಕೇವಲ ಕಾಗದದ ಮೇಲಿನದಲ್ಲ. ಘಾಟಿ ರಸ್ತೆಗಳು ಮಳೆಗಾಲದಲ್ಲಿ ಹಠಾತ್ತನೆ ಮುಚ್ಚುವುದು ಈ ಭಾಗದ ಅನುಭವ: 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ಮಾರ್ಗ, 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿ, 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ವ್ಯಾಪ್ತಿಯ ಶಿರಾಡಿ ಮಾರ್ಗ ಭೂಕುಸಿತಕ್ಕೆ ಒಳಗಾದವು. ಇಂತಹ ರಾತ್ರಿಯಲ್ಲಿ ತಿರುವಿನಲ್ಲಿ ನಿಂತ ಲಾರಿಯ ಅಪಾಯ ಸೂಚಕ ದೀಪ ಬೆಳಗಿನವರೆಗೆ ಉರಿಯಲೇಬೇಕು. ಪೂರ್ಣ ಚಾರ್ಜಿನ ಬ್ಯಾಟರಿ ಅಷ್ಟನ್ನೂ ಭರಿಸಿ ಬೆಳಿಗ್ಗೆ ಎಂಜಿನ್ನನ್ನೂ ತಿರುಗಿಸುತ್ತದೆ. ಅರೆ ಚಾರ್ಜಿನದು ನಡುರಾತ್ರಿಯಲ್ಲಿ ಮಂಕಾಗುತ್ತದೆ. ಮಳೆ, ಮಂಜು ಕವಿದ ರಸ್ತೆಯಲ್ಲಿ ದೀಪವಿಲ್ಲದೆ ನಿಂತ ಲಾರಿಯ ಹಿಂಬದಿಗೆ ಬಂದು ಬಡಿಯುವ ವಾಹನಕ್ಕೆ ಅದು ಕಾಣುವುದಿಲ್ಲ. ಬ್ಯಾಟರಿ ನಿರ್ವಹಣೆಯನ್ನು ಇಲಾಖೆಯು ಕೇವಲ ಮಾಲೀಕರ ಖರ್ಚುವೆಚ್ಚದ ವಿಷಯವೆಂದು ನೋಡದಿರಲು ಕಾರಣವಿದು. ಬ್ಯಾಟರಿ ಕೈಕೊಟ್ಟಲ್ಲಿ ಪ್ರತಿಫಲನ ತ್ರಿಕೋನವನ್ನು ತಿರುವಿಗೆ ಮೊದಲೇ ಇಡತಕ್ಕದ್ದು. ಕಲ್ಲು, ಸೊಪ್ಪು ಇಟ್ಟು ತೃಪ್ತಿಪಡುವುದು ಸಲ್ಲದು.

ಎರಡು ಬ್ಯಾಟರಿಗಳ ಜೋಡಿ

ಭಾರೀ ಲಾರಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ವೋಲ್ಟ್ ಪಡೆಯಲಾಗುತ್ತದೆ. ಅತ್ಯಂತ ಸಾಮಾನ್ಯವಾದ ಮತ್ತು ಅತಿ ಕಡಿಮೆ ಗಮನಕ್ಕೆ ಬರುವ ತೊಂದರೆ ಇಲ್ಲಿಯೇ ಹುಟ್ಟುತ್ತದೆ. 12 ವೋಲ್ಟಿನ ಟೇಪ್ ರೆಕಾರ್ಡರ್, ಫ್ಯಾನು ಅಥವಾ ಅಲಂಕಾರದ ದೀಪಗಳಿಗಾಗಿ ಎರಡರಲ್ಲಿ ಒಂದು ಬ್ಯಾಟರಿಯಿಂದ ಮಾತ್ರ ತಂತಿ ಎಳೆಯುವುದು ವಾಡಿಕೆ. ಆ ಬ್ಯಾಟರಿ ದಿನವೂ ಸ್ವಲ್ಪ ಹೆಚ್ಚು ಬರಿದಾಗುತ್ತದೆ. ಆದರೆ ಚಾರ್ಜಿಂಗ್ ವಿದ್ಯುತ್ತು ಎರಡಕ್ಕೂ ಒಂದೇ ಪ್ರಮಾಣದಲ್ಲಿ ಹರಿಯುವುದರಿಂದ ಒಂದು ಎಂದೂ ತುಂಬುವುದಿಲ್ಲ, ಇನ್ನೊಂದು ಅತಿಯಾಗಿ ಕುದಿದು ನೀರು ಕಳೆದುಕೊಳ್ಳುತ್ತದೆ. ಕೆಲವೇ ತಿಂಗಳಲ್ಲಿ ಎರಡೂ ಕೆಡುತ್ತವೆ. 12 ವೋಲ್ಟಿನ ಉಪಕರಣ ಬೇಕೇ ಬೇಕೆಂದಾದಲ್ಲಿ 24ರಿಂದ 12 ವೋಲ್ಟಿಗೆ ಇಳಿಸುವ ಕನ್ವರ್ಟರ್ ಅಳವಡಿಸುವುದೊಂದೇ ಸರಿಯಾದ ಮಾರ್ಗ.

ಇದೇ ಕಾರಣಕ್ಕೆ ಎರಡರಲ್ಲಿ ಒಂದನ್ನು ಮಾತ್ರ ಬದಲಿಸುವುದೂ ಹಿತವಲ್ಲ. ಹೊಸದರ ಅರ್ಧ ಬೆಲೆ ಉಳಿಯಿತೆಂದು ಅನ್ನಿಸಿದರೂ ಹಳೆಯದು ಹೊಸದನ್ನು ತನ್ನ ಮಟ್ಟಕ್ಕೆ ಎಳೆಯುವುದರಿಂದ ವರ್ಷದೊಳಗೆ ಅದೇ ಹಣ ಮತ್ತೆ ತೆರಬೇಕಾಗುತ್ತದೆ. ಜೋಡಿಯು ಒಂದೇ ಸಾಮರ್ಥ್ಯ, ಒಂದೇ ತಯಾರಿಕೆ, ಸಾಧ್ಯವಾದಷ್ಟು ಒಂದೇ ತಿಂಗಳಿನದಾಗಿರತಕ್ಕದ್ದು.

ಪರೀಕ್ಷಿಸುವ ಕ್ರಮ

ದುಬಾರಿಯಲ್ಲದ ಒಂದು ಮಲ್ಟಿಮೀಟರ್ ಲಾರಿಯಲ್ಲಿದ್ದರೆ ಸಾಕು. ಎಂಜಿನ್ ನಿಲ್ಲಿಸಿ ಕನಿಷ್ಠ ಆರು ಗಂಟೆ ಕಳೆದ ಮೇಲೆ ಪ್ರತಿ ಬ್ಯಾಟರಿಯನ್ನು ಪ್ರತ್ಯೇಕವಾಗಿ ಅಳೆಯತಕ್ಕದ್ದು. ಜೋಡಿಯ ಒಟ್ಟು ಮೊತ್ತ ಮಾತ್ರ ನೋಡಿದರೆ ಒಂದರ ದೋಷ ಇನ್ನೊಂದರ ಮರೆಯಲ್ಲಿ ಅಡಗುತ್ತದೆ. 12.6 ವೋಲ್ಟಿನ ಆಸುಪಾಸು ಇದ್ದಲ್ಲಿ ಪೂರ್ಣ ಚಾರ್ಜ್; 12.4 ಇದ್ದಲ್ಲಿ ಮುಕ್ಕಾಲು, 12.2 ಇದ್ದಲ್ಲಿ ಸರಿಸುಮಾರು ಅರ್ಧ, 12.0ಕ್ಕೆ ಇಳಿದಿದ್ದರೆ ಕಾಲು ಭಾಗವಷ್ಟೇ ಉಳಿದಿದೆಯೆಂದು ತಿಳಿಯಬೇಕು. ಆಮ್ಲದ ಸಾಂದ್ರತೆಗೆ ಅನುಗುಣವಾಗಿ ಈ ಅಂಕಿಗಳು ಅಲ್ಪ ಸ್ವಲ್ಪ ಹೆಚ್ಚು ಕಡಿಮೆಯಾಗುತ್ತವೆ. ಎರಡು ಬ್ಯಾಟರಿಗಳ ನಡುವೆ 0.2 ವೋಲ್ಟಿಗಿಂತ ಅಧಿಕ ಅಂತರ ಕಂಡಲ್ಲಿ ಕಾರಣ ಹುಡುಕತಕ್ಕದ್ದು. ಘಾಟಿ ಹತ್ತುವ ಮುನ್ನ 12.4ಕ್ಕಿಂತ ಕಡಿಮೆ ಇದ್ದರೆ ಪಣಂಬೂರಿನಲ್ಲಿಯೇ ಚಾರ್ಜ್ ಮಾಡಿಸಿ ಹೊರಡುವುದು ಕ್ಷೇಮ.

ಬಳಿಕ ಎಂಜಿನ್ನನ್ನು ಮಧ್ಯಮ ವೇಗದಲ್ಲಿ ಓಡಿಸಿ ಜೋಡಿಯ ವೋಲ್ಟೇಜ್ ನೋಡಬೇಕು. 27.6ರಿಂದ 28.8ರೊಳಗಿದ್ದರೆ ಆಲ್ಟರ್ನೇಟರ್ (ಚಾಲಕರ ಮಾತಿನಲ್ಲಿ ಡೈನಮೋ) ಸರಿಯಾಗಿದೆ. 27ಕ್ಕಿಂತ ಕೆಳಗಿದ್ದರೆ ಸಡಿಲ ಬೆಲ್ಟ್, ಸವೆದ ಬ್ರಷ್ ಅಥವಾ ಕೊಳೆತ ಅರ್ಥ್ ತಂತಿ ಕಾರಣವಿರಬಹುದು. 29 ಮೀರಿದರೆ ರೆಗ್ಯುಲೇಟರ್ ಕೆಟ್ಟಿದೆ. ನೀರು ಬೇಗ ಬತ್ತುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಅದರ ಲಕ್ಷಣ. ಹೊಸ ಬ್ಯಾಟರಿ ಹಾಕಿಸಿದ ಮೂರೇ ತಿಂಗಳಿಗೆ ಅದು ಕೆಟ್ಟಿತೆಂಬ ದೂರುಗಳಲ್ಲಿ ಬಹುಪಾಲು ಈ ಪರೀಕ್ಷೆ ಮಾಡದೆ ಬ್ಯಾಟರಿ ಬದಲಿಸಿದ ಪ್ರಕರಣಗಳೇ ಆಗಿರುತ್ತವೆ.

ರಾತ್ರಿಯಿಡೀ ಎಂಜಿನ್ ಐಡ್ಲಿಂಗಿನಲ್ಲಿ ಬಿಟ್ಟು ಚಾರ್ಜ್ ಉಳಿಸಿಕೊಳ್ಳುವ ಪದ್ಧತಿಯೂ ಇದೆ. ಆ ವೇಗದಲ್ಲಿ ಆಲ್ಟರ್ನೇಟರಿನ ಉತ್ಪಾದನೆ ಅತ್ಯಲ್ಪ. ಡೀಸೆಲ್ ಮಾತ್ರ ಉರಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಗಾಜು ಏರಿಸಿ ಮಲಗಿದ ಚಾಲಕ ಮತ್ತು ಕ್ಲೀನರ್‌ಗೆ ಹೊಗೆ ಒಳನುಗ್ಗಿ ಪ್ರಾಣಾಪಾಯವಿದೆ.

ಉಪ್ಪು ಗಾಳಿ ಮತ್ತು ಮಳೆ

ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯವೊಂದು ಪಣಂಬೂರಿನಲ್ಲಿಯೇ ಇದ್ದು, ಈ ಪ್ರದೇಶದಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಅಧಿಕ ಮಳೆ ಬೀಳುತ್ತದೆ. ಬಂದರಿನ ಪರಿಸರದಲ್ಲಿ ಇದಕ್ಕೆ ಉಪ್ಪಿನ ತೇವ ಹಾಗೂ ರಸಗೊಬ್ಬರ, ಕಲ್ಲಿದ್ದಲು ಧೂಳು ಸೇರುತ್ತದೆ. ಬ್ಯಾಟರಿಯ ಮೇಲ್ಮೈಯಲ್ಲಿ ಈ ಒದ್ದೆ ಧೂಳು ಕೂತರೆ ಧನ ಮತ್ತು ಋಣ ಟರ್ಮಿನಲ್‌ಗಳ ನಡುವೆ ಸಣ್ಣ ಪ್ರಮಾಣದ ವಿದ್ಯುತ್ತು ಸದಾ ಸೋರುತ್ತದೆ. ಟರ್ಮಿನಲ್ಲಿನ ಮೇಲೆ ಬಿಳಿ ಅಥವಾ ಹಸಿರು ಹಿಟ್ಟು ಕಟ್ಟಿದರೆ ಚಾರ್ಜ್ ತುಂಬಿದ್ದರೂ ಸೆಲ್ಫ್ ತಿರುಗದು. ಇಂತಹ ಸಂದರ್ಭದಲ್ಲಿ ಒಳ್ಳೆಯ ಬ್ಯಾಟರಿಯನ್ನೇ ಗುಜರಿಗೆ ಹಾಕಿದವರಿದ್ದಾರೆ.

ಅಡುಗೆ ಸೋಡಾ ಬೆರೆಸಿದ ಬೆಚ್ಚಗಿನ ನೀರಿನಿಂದ ಹಿಟ್ಟನ್ನು ತೊಳೆದು, ತಂತಿ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ಬಿಗಿಯಾಗಿ ಜೋಡಿಸಿದ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರತಕ್ಕದ್ದು. ತೊಳೆಯುವಾಗ ಮುಚ್ಚಳಗಳು ಭದ್ರವಾಗಿರಬೇಕು. ಸೋಡಾ ನೀರು ಒಳಹೋದರೆ ಆಮ್ಲ ನಿಷ್ಕ್ರಿಯವಾಗುತ್ತದೆ. ಚಾಸಿಸ್‌ಗೆ ಅರ್ಥ್ ತಂತಿ ಸೇರುವ ಜಾಗವನ್ನು ಬಹುತೇಕರು ಮರೆಯುತ್ತಾರೆ. ಕರಾವಳಿಯಲ್ಲಿ ತುಕ್ಕು ಮೊದಲು ಹಿಡಿಯುವುದು ಅಲ್ಲಿಯೇ.

ಮುಚ್ಚಳ ತೆಗೆದು ನೀರು ಹಾಕುವ ಮಾದರಿಗಳಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ ಬಳಸತಕ್ಕದ್ದು. ಬಾವಿ ನೀರು, ನಲ್ಲಿ ನೀರು ಅಥವಾ ಮಾಡಿನಿಂದ ಹಿಡಿದ ಮಳೆ ನೀರು ಬಳಕೆಗೆ ಯೋಗ್ಯವಲ್ಲ. ಸಮುದ್ರ ತೀರದ ಬಾವಿಗಳ ಉಪ್ಪಿನಂಶ ಪ್ಲೇಟುಗಳನ್ನು ತಿನ್ನುತ್ತದೆ. ಸೆಕೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮಟ್ಟ ನೋಡುವುದು ಒಳ್ಳೆಯದು.

ವಾಹನ ದೀರ್ಘಕಾಲ ನಿಲ್ಲಿಸಬೇಕಾದಾಗ

ಸರಕಿಲ್ಲದೆ, ದುರಸ್ತಿಗಾಗಿ ಅಥವಾ ರಸ್ತೆ ಬಂದ್ ಆಗಿ ಲಾರಿಗಳು ವಾರಗಟ್ಟಲೆ ನಿಲ್ಲುವುದುಂಟು. 2010ರ ಜುಲೈನಲ್ಲಿ ರಾಜ್ಯ ಸರ್ಕಾರವು ಕಬ್ಬಿಣದ ಅದಿರಿನ ರಫ್ತನ್ನು ನಿಷೇಧಿಸಿದಾಗ ಅದಿರು ಸಾಗಿಸುತ್ತಿದ್ದ ಲಾರಿಗಳು ಕೆಲಸವಿಲ್ಲದೆ ನಿಂತವು. 2015 ಮತ್ತು 2018ರಲ್ಲಿ ಶಿರಾಡಿ ಘಾಟಿಯ ಕಾಂಕ್ರೀಟ್ ಕಾಮಗಾರಿಯ ತಿಂಗಳುಗಳಲ್ಲಿ, ಮತ್ತೆ 2020ರ ಮಾರ್ಚ್ 25ರಿಂದ ಜಾರಿಗೆ ಬಂದ ಲಾಕ್‌ಡೌನ್‌ನಲ್ಲಿ ಸಾಗಣೆ ಅಸ್ತವ್ಯಸ್ತವಾಯಿತು. ಬಾಡಿಗೆ ಬರದ ದಿನಗಳ ಕೊನೆಯಲ್ಲಿ ಬ್ಯಾಟರಿಯ ವೆಚ್ಚವೂ ಸೇರಿದರೆ ಸಾಲದ ಕಂತಿನ ಮೇಲೆ ಲಾರಿ ನಡೆಸುವ ಸಣ್ಣ ಮಾಲೀಕರಿಗೆ ಅದು ದೊಡ್ಡ ಹೊರೆ.

ಇಂದಿನ ವಾಹನಗಳಲ್ಲಿ ಕೀಲಿ ತೆಗೆದ ಮೇಲೂ ಎಂಜಿನ್ ನಿಯಂತ್ರಕ, ಗಡಿಯಾರ, ವಾಹನದ ಸ್ಥಳ ಪತ್ತೆ ಸಾಧನ ಇತ್ಯಾದಿಗಳು ಅಲ್ಪ ವಿದ್ಯುತ್ತನ್ನು ಬಳಸುತ್ತಲೇ ಇರುತ್ತವೆ. ಒಟ್ಟು 100 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ ದಿನಕ್ಕೆ 2.4, ಹದಿನೈದು ದಿನಕ್ಕೆ 36 ಆಂಪಿಯರ್ ಅವರ್. ಅಂದರೆ 130ರ ಬ್ಯಾಟರಿಯ ಕಾಲು ಭಾಗಕ್ಕೂ ಮಿಕ್ಕಿ, ಯಾರೂ ಮುಟ್ಟದೆಯೇ ಖಾಲಿ. ಚಾರ್ಜ್ ಇಳಿದ ಸ್ಥಿತಿಯಲ್ಲಿ ಬಹುಕಾಲ ಬಿಟ್ಟರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಸಾಮರ್ಥ್ಯ ಪೂರ್ತಿಯಾಗಿ ಮರಳದು.

ಆದುದರಿಂದ ವಾರಕ್ಕಿಂತ ಹೆಚ್ಚು ಕಾಲ ನಿಲ್ಲಿಸುವ ವಾಹನದ ಬ್ಯಾಟರಿ ಸಂಪರ್ಕವನ್ನು ಕಡಿತಗೊಳಿಸತಕ್ಕದ್ದು. ಋಣ ತಂತಿಯನ್ನು ಮೊದಲು ಕಳಚಬೇಕು, ಮರುಜೋಡಿಸುವಾಗ ಕೊನೆಯಲ್ಲಿ ಹಾಕಬೇಕು. ಈ ಕ್ರಮ ತಪ್ಪಿದರೆ ಸ್ಪ್ಯಾನರ್ ಚಾಸಿಸ್‌ಗೆ ತಗಲಿ ಕಿಡಿ ಹಾರುತ್ತದೆ. ಮೆಯಿನ್ ಸ್ವಿಚ್ ಇರುವ ವಾಹನಗಳಲ್ಲಿ ಅದನ್ನು ಆರಿಸಿದರೆ ಸಾಕು. ಆದರೆ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್.-6 ಮಾನದಂಡದ, ಯೂರಿಯಾ ದ್ರಾವಣ ಬಳಸುವ ಲಾರಿಗಳಲ್ಲಿ ಎಂಜಿನ್ ನಿಲ್ಲಿಸಿದ ಕೂಡಲೇ ಸ್ವಿಚ್ ಆರಿಸಬಾರದು. ಕೊಳವೆಯಲ್ಲಿ ಉಳಿದ ದ್ರಾವಣ ಟ್ಯಾಂಕಿಗೆ ಹಿಂದಿರುಗಲು ಕೆಲವು ನಿಮಿಷ ಬೇಕು. ತಯಾರಕರ ಕೈಪಿಡಿಯಲ್ಲಿ ಸೂಚಿಸಿದಷ್ಟು ಕಾಲ ಕಾಯತಕ್ಕದ್ದು. ಕಾನೂನಿನಂತೆ ಸ್ಥಳ ಪತ್ತೆ ಸಾಧನ ಅಳವಡಿಸಿದ ವಾಹನಗಳಲ್ಲಿ ಆ ಸಾಧನವನ್ನು ಶಾಶ್ವತವಾಗಿ ಕಿತ್ತುಹಾಕಲು ಇದನ್ನು ನೆಪ ಮಾಡಿಕೊಳ್ಳುವಂತಿಲ್ಲ.

ಕಳಚಿಟ್ಟ ಬ್ಯಾಟರಿಯನ್ನು ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಬೇಕು. ಸಾಮರ್ಥ್ಯದ ಹತ್ತನೇ ಒಂದು ಭಾಗದಷ್ಟು ವಿದ್ಯುತ್ತು, ಅಂದರೆ 130ರ ಬ್ಯಾಟರಿಗೆ 13 ಆಂಪಿಯರ್, ಮೀರದಿರಲಿ. ಎರಡೇ ಗಂಟೆಯಲ್ಲಿ ‘ಫುಲ್’ ಮಾಡಿಕೊಡುವ ಅಂಗಡಿಗಳ ವೇಗದ ಚಾರ್ಜ್ ಪ್ಲೇಟುಗಳನ್ನು ಬಾಗಿಸುತ್ತದೆ. ಚಾರ್ಜ್ ಆಗುವಾಗ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡ 4 ಮುಟ್ಟಿದರೆ ಒಂದು ಕಿಡಿಗೆ ಸಿಡಿಯಬಲ್ಲದು. ಮುಚ್ಚಿದ ಕೋಣೆ, ಬೀಡಿ, ಬೆಂಕಿಕಡ್ಡಿ ನಿಷಿದ್ಧ. ಆಮ್ಲ ಕಣ್ಣಿಗೆ ಸಿಡಿದಲ್ಲಿ ಕನಿಷ್ಠ ಹದಿನೈದು ನಿಮಿಷ ಶುದ್ಧ ನೀರಿನಿಂದ ತೊಳೆದು ತಕ್ಷಣ ವೈದ್ಯರನ್ನು ಕಾಣಬೇಕು.

ಸ್ಟಾರ್ಟ್ ಆಗದಿದ್ದಾಗ

ಸೆಲ್ಫನ್ನು ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುವೆ ಒಂದು ನಿಮಿಷ ಬಿಡುವು ಕೊಡತಕ್ಕದ್ದು. ಎರಡು ಮೂರು ಯತ್ನದಲ್ಲಿ ಆಗದಿದ್ದರೆ ಬೇರೆ ಲಾರಿಯ ನೆರವು ಪಡೆಯುವುದು ಲೇಸು. 24 ವೋಲ್ಟಿನ ವಾಹನಕ್ಕೆ 24 ವೋಲ್ಟಿನದೇ ನೆರವು ಬೇಕು. ಮೊದಲು ಧನಕ್ಕೆ ಧನ, ಬಳಿಕ ನೆರವಿನ ಲಾರಿಯ ಋಣ, ಕೊನೆಯ ತುದಿಯನ್ನು ಕೆಟ್ಟ ಲಾರಿಯ ಚಾಸಿಸ್‌ಗೆ, ಬ್ಯಾಟರಿಯಿಂದ ದೂರದಲ್ಲಿ ಜೋಡಿಸಬೇಕು.

ಎರಡು ರೂಢಿಗಳನ್ನು ಕಡ್ಡಾಯವಾಗಿ ಬಿಡುವುದು ಅಗತ್ಯ. ಮೊದಲನೆಯದು, ಪಕ್ಕದ ಲಾರಿಯ ಬ್ಯಾಟರಿಯಿಟ್ಟು ಸ್ಟಾರ್ಟ್ ಮಾಡಿ, ಎಂಜಿನ್ ಓಡುತ್ತಿರುವಾಗಲೇ ಅದನ್ನು ತೆಗೆದು ಸ್ವಂತ ಬ್ಯಾಟರಿ ಜೋಡಿಸುವುದು. ಹಳೆಯ ಲಾರಿಗಳು ಇದನ್ನು ಸಹಿಸುತ್ತಿದ್ದವು. ಎಲೆಕ್ಟ್ರಾನಿಕ್ ನಿಯಂತ್ರಕವಿರುವ ಈಗಿನ ಲಾರಿಗಳಲ್ಲಿ ಬ್ಯಾಟರಿ ಕಳಚಿದ ಕ್ಷಣ ಆಲ್ಟರ್ನೇಟರಿನ ವೋಲ್ಟೇಜ್ ಥಟ್ಟನೆ ಏರಿ, ಬ್ಯಾಟರಿಗಿಂತ ಹಲವು ಪಟ್ಟು ಬೆಲೆಯ ನಿಯಂತ್ರಕವೇ ಸುಡಬಹುದು. ಎರಡನೆಯದು, ಇಳಿಜಾರಿನಲ್ಲಿ ಲಾರಿಯನ್ನು ಉರುಳಿಸಿ ಗೇರಿಗೆ ಹಾಕಿ ಸ್ಟಾರ್ಟ್ ಮಾಡುವುದು. ಏರ್ ಬ್ರೇಕಿಗೆ ಬೇಕಾದ ಗಾಳಿಯ ಒತ್ತಡ ಎಂಜಿನ್ ಓಡಿದಾಗ ಮಾತ್ರ ತುಂಬುತ್ತದೆ, ಪವರ್ ಸ್ಟೀರಿಂಗ್ ಸಹ ಎಂಜಿನ್ನನ್ನೇ ಅವಲಂಬಿಸಿದೆ. ಸರಕು ತುಂಬಿದ ಲಾರಿ ಘಾಟಿಯಲ್ಲಿ ಹೀಗೆ ಉರುಳಿ, ಎಂಜಿನ್ ಹಿಡಿಯದೆ ಹೋದರೆ ಅದನ್ನು ನಿಲ್ಲಿಸುವ ಭರವಸೆಯ ಸಾಧನ ಚಾಲಕನ ಕೈಯಲ್ಲಿ ಉಳಿದಿರುವುದಿಲ್ಲ.

ಅರ್ಹತಾ ಪತ್ರದ ಅರ್ಜಿದಾರರಿಗೆ ಸೂಚನೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 62ರ 2018ರ ತಿದ್ದುಪಡಿಯಂತೆ ಸಾರಿಗೆ ವಾಹನಗಳ ಅರ್ಹತಾ ಪತ್ರವನ್ನು ಎಂಟು ವರ್ಷದವರೆಗಿನ ವಾಹನಕ್ಕೆ ಎರಡು ವರ್ಷಕ್ಕೊಮ್ಮೆಯೂ, ಅದಕ್ಕಿಂತ ಹಳೆಯದಕ್ಕೆ ವರ್ಷಕ್ಕೊಮ್ಮೆಯೂ ನವೀಕರಿಸಬೇಕಾಗುತ್ತದೆ. ತಪಾಸಣೆಯಲ್ಲಿ ಮುಂದೀಪ, ಹಿಂದೀಪ, ಇಂಡಿಕೇಟರ್, ಹಾರನ್, ವೈಪರ್ ಇವುಗಳ ಕಾರ್ಯವನ್ನು ನೋಡಲಾಗುವುದು. ಇವೆಲ್ಲವೂ ಬ್ಯಾಟರಿಯನ್ನೇ ನೆಚ್ಚಿವೆ. ದೀಪ ಮಂಕಾಗಿದೆಯೆಂಬ ಕಾರಣಕ್ಕೆ ವಾಹನ ಹಿಂದಿರುಗಿದಲ್ಲಿ ಬಲ್ಬು ಬದಲಿಸುವ ಮೊದಲು ಬ್ಯಾಟರಿ ಮತ್ತು ಅರ್ಥ್ ತಂತಿಯನ್ನು ಪರೀಕ್ಷಿಸಿಕೊಳ್ಳುವುದು ಸೂಕ್ತ. ಬ್ಯಾಟರಿಯು ಪೆಟ್ಟಿಗೆಯಲ್ಲಿ ಅಲುಗಾಡದಂತೆ ಕ್ಲಾಂಪಿನಿಂದ ಬಿಗಿದಿರಬೇಕು, ಮೇಲೆ ಮುಚ್ಚಳವಿರಬೇಕು. ಹಗ್ಗ ಅಥವಾ ಸೈಕಲ್ ಟ್ಯೂಬಿನಿಂದ ಕಟ್ಟಿದ ಬ್ಯಾಟರಿ ಬೆಂಕಿ ಅನಾಹುತಕ್ಕೆ ಎಡೆ ಮಾಡಬಹುದು. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 56ರ ಮೇರೆಗೆ ಅರ್ಹತಾ ಪತ್ರವಿಲ್ಲದ ಸಾರಿಗೆ ವಾಹನವನ್ನು ಕ್ರಮಬದ್ಧವಾಗಿ ನೋಂದಣಿಯಾಗಿದೆಯೆಂದು ಪರಿಗಣಿಸಲಾಗದು. ಅಪಘಾತ ಪರಿಹಾರದ ಸಂದರ್ಭದಲ್ಲಿ ಇದು ಮಾಲೀಕರಿಗೆ ತೀವ್ರ ತೊಡಕನ್ನು ಉಂಟುಮಾಡುತ್ತದೆ. ಆದಕಾರಣ ಅವಧಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸಿ, ತಪಾಸಣೆಯ ಹಿಂದಿನ ದಿನ ವಾಹನವನ್ನು ಪರೀಕ್ಷಿಸಿಕೊಂಡು ಹಾಜರುಪಡಿಸತಕ್ಕದ್ದು. ಶುಲ್ಕದ ವಿವರಗಳನ್ನು ಪರಿವಾಹನ್ ಜಾಲತಾಣದಲ್ಲಿ ಅಥವಾ ಸಂಬಂಧಿಸಿದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಛೇರಿಯಲ್ಲಿ ಪಡೆಯಬಹುದು.

ಹಳೆಯ ಬ್ಯಾಟರಿ

ನಿರುಪಯುಕ್ತ ಬ್ಯಾಟರಿಗಳ ವಿಲೇವಾರಿಗೆ 2001ರಲ್ಲಿ ರೂಪಿಸಿದ್ದ ನಿಯಮಗಳ ಸ್ಥಾನದಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಜಾರಿಯಲ್ಲಿವೆ. ಹಳೆಯ ಬ್ಯಾಟರಿಯನ್ನು ಇತರ ಕಸದೊಂದಿಗೆ ಬೆರೆಸದೆ, ಹೊಸದನ್ನು ಕೊಳ್ಳುವಾಗ ಮಾರಾಟಗಾರರಿಗೆ ಅಥವಾ ಸಂಗ್ರಹಣೆ ಹಾಗೂ ಮರುಬಳಕೆಯಲ್ಲಿ ತೊಡಗಿರುವ ಅಧಿಕೃತ ಸಂಸ್ಥೆಗೆ ಒಪ್ಪಿಸತಕ್ಕದ್ದು. ಸೀಸಕ್ಕೆ ಬೆಲೆಯಿರುವುದರಿಂದ ಹಳೆಯ ಬ್ಯಾಟರಿಗೆ ನ್ಯಾಯವಾದ ಮೊತ್ತ ಬಿಲ್ಲಿನಲ್ಲಿಯೇ ಕಡಿತವಾಗುತ್ತದೆ. ಆ ಕಡಿತವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಸಿಕೊಳ್ಳುವುದು ಖರೀದಿದಾರರ ಹಿತದೃಷ್ಟಿಯಿಂದ ಒಳ್ಳೆಯದು. ಬ್ಯಾಟರಿ ಒಡೆದು ಆಮ್ಲವನ್ನು ಚರಂಡಿಗೆ ಚೆಲ್ಲುವ ಗುಜರಿಯವರಿಗೆ ಕೊಟ್ಟರೆ ಆ ಆಮ್ಲ ಮತ್ತು ಸೀಸ ಮಳೆ ನೀರಿನೊಂದಿಗೆ ಸಮೀಪದ ಬಾವಿಗಳನ್ನು ಸೇರುತ್ತದೆ. ಖರೀದಿಯ ಬಿಲ್ಲು ಹಾಗೂ ತಯಾರಿಕಾ ತಿಂಗಳು ನಮೂದಾದ ಗ್ಯಾರಂಟಿ ಕಾರ್ಡನ್ನು ವಾಹನದ ಇತರ ದಾಖಲೆಗಳೊಂದಿಗೆ ಇರಿಸಿಕೊಳ್ಳತಕ್ಕದ್ದು.